ಮೂರು ಗಂಟೆಯ ಕತ್ತಲೆ

ನಗರಸಭೆಯ ಕಡತಗಳಲ್ಲಿ ಅವನ ಹುದ್ದೆ ‘ವಿದ್ಯುತ್ ಸಹಾಯಕ, ಎರಡನೇ ದರ್ಜೆ’ ಎಂದಿದ್ದರೂ ಊರಿಗೆಲ್ಲ ಅವನು ಲೈಟಣ್ಣ. ಇಪ್ಪತ್ತೇಳು ವರ್ಷದಿಂದ ಹಳೇ ಧಾನ್ಯಮಂಡಿಯ ಕಟ್ಟಡದ ದೀಪಗಳ ಯೋಗಕ್ಷೇಮವೆಲ್ಲ ಅವನದೇ. ನೂರೈವತ್ತು ವರ್ಷದ ಹಿಂದೆ ಕಾಳುಕಡ್ಡಿ ಅಳೆದು ಮಾರಲು ಕಟ್ಟಿಸಿದ ಆ ಕಟ್ಟಡ ಈಗ ಪಾರಂಪರಿಕ ಸಭಾಂಗಣವಾಗಿ ಬಡ್ತಿ ಪಡೆದಿತ್ತು. ಕಲ್ಲಿನ ಕಮಾನುಗಳು, ಆನೆ ಎದ್ದು ನಿಂತರೂ ತಲೆ ತಾಗದಷ್ಟು ಎತ್ತರದ ಮಾಡು, ಪಡುವಣ ಗೋಡೆಗೆ ಸಾಲಾಗಿ ಹನ್ನೊಂದು ಕಿಟಕಿ.

ಅಲ್ಲಿನ ವೈರುಗಳು ಮಾತ್ರ ಬಡ್ತಿಯ ಸುದ್ದಿಯೇ ತಿಳಿಯದಂತೆ ಇಲಿಯಿಂದ ಕಡಿಸಿಕೊಂಡು, ಮಳೆ ಬಂದರೆ ಚಟಚಟ ಎನ್ನುತ್ತ ನೇತಾಡುತ್ತಿದ್ದವು. ಹೊಸ ವೈರು ಎಳೆಸಿ ಎಂದು ಲೈಟಣ್ಣ ಹದಿನಾಲ್ಕು ಅರ್ಜಿ ಬರೆದಿದ್ದ. ಹದಿಮೂರಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಹದಿನಾಲ್ಕನೆಯದಕ್ಕೆ, ಯಾವ ಪುಣ್ಯಾತ್ಮನ ಕೈ ಜಾರಿತೋ, ಮಂಜೂರಾತಿಯೇ ಬಂದುಬಿಟ್ಟಿತು. ಕೆಲಸ ಮುಗಿದ ದಿನ ಅವನು ಖಾಲಿ ಸಭಾಂಗಣದಲ್ಲಿ ಒಬ್ಬನೇ ನಿಂತು ನೂರಾ ಹನ್ನೆರಡು ಬಲ್ಬುಗಳನ್ನೂ ಸಾಲುಸಾಲಾಗಿ ಹಾಕಿ, ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಸುಮ್ಮನೆ ನೋಡುತ್ತ ಕೂತಿದ್ದ. “ನಮ್ಮ ಮದುವೇಲಿ ನನ್ನ ಮುಖಾನೂ ಇಷ್ಟು ಹೊತ್ತು ನೋಡಿರ್ಲಿಲ್ಲ ನೀವು,” ಎಂದು ಹೆಂಡತಿ ಮನೆಯಲ್ಲಿ ಮೂತಿ ತಿರುವಿದಳು.

ಅದಾಗಿ ನಾಲ್ಕು ತಿಂಗಳಿಗೆ, ನಗರಸಭೆಯ ಸಂಸ್ಕೃತಿ ವಿಭಾಗದ ಸಾಹೇಬರು ಒಬ್ಬ ಹೆಂಗಸನ್ನು ಕರೆತಂದರು. ಮೂವತ್ತೈದರ ಆಸುಪಾಸು, ಕಾಲಿಗೆ ಓಡುವ ಬೂಟು, ಕಣ್ಣೆಲ್ಲ ಮಾಡಿನ ಮೇಲೆ.

“ಇವರು ಅನುಭವ ನಿರ್ದೇಶಕಿ,” ಎಂದರು ಸಾಹೇಬರು.

“ಯಾವುದರ ಅನುಭವ ಸಾರ್?”

“ಎಲ್ಲದರದ್ದೂ.”

ನಿರ್ದೇಶಕಿ ಬಲ್ಬುಗಳ ಸಾಲು ತೋರಿಸಿ ಕೇಳಿದಳು, “ಇವೆಲ್ಲಾ ಆಫ್ ಆಗುತ್ವಾ ಅಣ್ಣಾ?”

“ಆಗ್ದೇ ಏನು ಮೇಡಂ. ಸಾಲಿಗೊಂದು ಸ್ವಿಚ್ಚಿದೆ. ಹಾಕಿ ತೋರಿಸ್ಲಾ?”

“ಬೇಡ ಬೇಡ, ಆರಿದ್ರೆ ಸಾಕು.”

ಇಪ್ಪತ್ತೇಳು ವರ್ಷದಲ್ಲಿ ಅವನ ದೀಪ ಉರಿಯುತ್ತದೆಯೇ ಎಂದು ಕೇಳಿದವರು ಸಾವಿರ ಮಂದಿ. ಆರುತ್ತದೆಯೇ ಎಂದು ಕೇಳಿದವಳು ಇವಳೇ ಮೊದಲು. ಅವನ ಮುಖ ಸಪ್ಪಗಾದದ್ದು ಕಂಡು ಸಾಹೇಬರೇ ಬಿಡಿಸಿ ಹೇಳಿದರು. ಇನ್ನು ಮುಂದೆ ಶನಿವಾರ, ಭಾನುವಾರ ಇಲ್ಲಿ ಸಂಗೀತ ಕಛೇರಿ. ಪಾರಂಪರಿಕ ಕಟ್ಟಡದಲ್ಲಿ ಮೂರು ಸಾವಿರ ಮೇಣದಬತ್ತಿಗಳ ಬೆಳಕಿನಲ್ಲಿ ನಾಲ್ವರು ವಾದ್ಯಗಾರರು. ಬೇರೆ ಊರುಗಳಲ್ಲಿ ಜನ ಮುಗಿಬೀಳುತ್ತಿದ್ದಾರಂತೆ.

ಲೈಟಣ್ಣ ಮೇಲಕ್ಕೆ ಬೆರಳು ತೋರಿಸಿದ. “ಮೂರು ಸಾವಿರ ಬೆಂಕಿ! ಮೇಲೆ ಮರದ ಮಾಡು ಮೇಡಂ.”

“ಬೆಂಕಿ ಇರಲ್ಲ ಅಣ್ಣಾ. ಅಗ್ನಿಶಾಮಕದವರು ಒಪ್ಪಲ್ಲ.”

“ಮತ್ತೆ ಮೇಣ?”

“ಮೇಣ ಕರಗಿದ್ರೆ ನೆಲ ಹಾಳಾಗುತ್ತೆ. ಇರಲ್ಲ.”

“ಬತ್ತಿ?”

ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಬುಡದಲ್ಲಿ ಎರಡು ಬ್ಯಾಟರಿ, ನೆತ್ತಿಯಲ್ಲಿ ಹಳದಿ ಪ್ಲಾಸ್ಟಿಕ್ಕಿನ ಎಸಳು. ಒತ್ತಿದರೆ ಎಸಳು ಜ್ವರ ಬಂದವರ ಹಾಗೆ ನಡುಗುತ್ತ ಮಿಣುಕುತ್ತಿತ್ತು. ಮೇಣವಿಲ್ಲದ, ಬತ್ತಿಯಿಲ್ಲದ, ಉರಿಯದ ಮೇಣದಬತ್ತಿಯನ್ನು ಲೈಟಣ್ಣ ತಿರುಗಿಸಿ ಮುರುಗಿಸಿ ನೋಡಿ ಗೌರವದಿಂದ ವಾಪಸು ಕೊಟ್ಟ.

ಇನ್ನೊಂದು ತೊಡಕಿತ್ತು. ದಿನಕ್ಕೆ ಮೂರು ಪ್ರದರ್ಶನ, ಮೂರಕ್ಕೆ, ಐದಕ್ಕೆ, ಏಳಕ್ಕೆ.

“ಮೂರು ಗಂಟೆಗೆ ಈ ಕಿಟಕಿಗಳಲ್ಲಿ ಬಿಸಿಲು ಧೋ ಅಂತ ಸುರಿಯುತ್ತೆ ಮೇಡಂ. ಸೂಜಿ ಬಿದ್ರೂ ಕಾಣುತ್ತೆ.”

“ಮುಚ್ಚಿಬಿಡೋಣ,” ಎಂದಳು ನಿರ್ದೇಶಕಿ.

ಮುಚ್ಚುವ ಕೆಲಸ ಲೈಟಣ್ಣನ ಹೆಂಡತಿಗೇ ಬಂತು. ಅವಳದು ಮನೆಯ ಮುಂಗೋಣೆಯಲ್ಲಿ ಎರಡು ಹೊಲಿಗೆ ಯಂತ್ರದ ಅಂಗಡಿ. ಇಪ್ಪತ್ತಡಿ ಉದ್ದದ ಹನ್ನೊಂದು ಕಪ್ಪು ಪರದೆ. ಮನೆಯೊಳಗೆ ಎಮ್ಮೆಗಳ ಹಿಂಡು ಮಲಗಿದ ಹಾಗೆ ಎಲ್ಲಿ ಕಾಲಿಟ್ಟರೂ ಕಪ್ಪು ಬಟ್ಟೆ. “ಎರಡೆರಡು ಹೊಲಿಗೆ ಹಾಕಿದೀನಿ. ನನ್ನ ಹೊಲಿಗೆ ದಾಟಿ ಸೂರ್ಯ ಒಳಗೆ ಬರಲಿ ನೋಡೋಣ,” ಎಂದು ಅವಳು ಹಲ್ಲಿನಲ್ಲಿ ದಾರ ಕತ್ತರಿಸಿದಳು.

ಮೊದಲ ಕಛೇರಿಯ ಮುನ್ನಾದಿನ ಧ್ವನಿಮುದ್ರಿತ ಸ್ವಾಗತ ಭಾಷಣವನ್ನು ಪರೀಕ್ಷೆ ಮಾಡುತ್ತಿದ್ದರು. ಬೆಣ್ಣೆ ಸವರಿದಂಥ ಗಂಡಸಿನ ದನಿ. “ನೂರೈವತ್ತು ವರ್ಷಗಳ ಹಿಂದೆ, ಇದೇ ಕಮಾನುಗಳ ಕೆಳಗೆ, ಮೇಣದಬತ್ತಿಯ ಹೊಂಬೆಳಕಿನಲ್ಲಿ, ನಗರದ ಗಣ್ಯರು ಸಂಗೀತ ಆಲಿಸುತ್ತಿದ್ದರು...”

ಲೈಟಣ್ಣ ಏಣಿಯಿಂದ ಇಳಿದು ಬಂದ. “ಮೇಡಂ, ತಪ್ಪು ತಿಳ್ಕೋಬೇಡಿ. ಇದು ಕಾಳು ಅಳೀತಿದ್ದ ಜಾಗ. ಧಾನ್ಯದ ಧೂಳಿಗೆ ಕಿಡಿ ತಾಗಿದ್ರೆ ಸಿಡಿಮದ್ದಿನ ಹಾಗೆ ಹೊತ್ಕೊಳುತ್ತೆ. ಬಾಗಿಲ ಹತ್ರ ಕಲ್ಲಲ್ಲೇ ಕೆತ್ತಿದಾರೆ, ದೀಪ ಹಿಡ್ಕೊಂಡು ಒಳಗೆ ಬಂದವರಿಗೆ ಮೂರು ತಿಂಗಳು ಜೈಲು ಅಂತ. ಹೊತ್ತು ಮುಳುಗಿದ ಮೇಲೆ ಇಲ್ಲಿ ಗೂಬೆ ಸಹ ಇರ್ತಿರ್ಲಿಲ್ಲ.”

ನಿರ್ದೇಶಕಿ ಕೋಪಿಸಿಕೊಳ್ಳಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದಳು, “ಅಣ್ಣಾ, ಇತಿಹಾಸ ಹೇಗಿತ್ತು ಅನ್ನೋದಲ್ಲ, ಹೇಗೆ ಅನ್ಸುತ್ತೆ ಅನ್ನೋದು ಮುಖ್ಯ.” ಮರುದಿನ ಬೆಳಿಗ್ಗೆ ಆ ಕಲ್ಲಿನ ಮೇಲೆ ಕಛೇರಿಯ ದೊಡ್ಡ ಭಿತ್ತಿಪತ್ರ ಅಂಟಿತ್ತು.

ಮೇಣದಬತ್ತಿ ‘ಹಚ್ಚುವ’ ಕೆಲಸವೂ ವಿದ್ಯುತ್ ಸಹಾಯಕನ ಪಾಲಿಗೇ ಬಿತ್ತು. ಒಂದೊಂದನ್ನೂ ಮಗುಚಿ, ಬುಡದಲ್ಲಿರುವ ಅಕ್ಕಿಕಾಳಿನಷ್ಟು ಸ್ವಿಚ್ಚನ್ನು ಉಗುರಿನಿಂದ ತಳ್ಳಿ, ಮತ್ತೆ ನಿಲ್ಲಿಸಬೇಕು. ನಾಲ್ವರು ಕಸಗುಡಿಸುವವರನ್ನು ಜೊತೆಗಿಟ್ಟುಕೊಂಡು ಕೂತರೂ ಎರಡೂವರೆ ಗಂಟೆಯ ಕೆಲಸ. ಎರಡನೇ ವಾರಕ್ಕೆ ಅವನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. “ಒಂದು ಸ್ವಿಚ್ಚಲ್ಲಿ ಸಾಲಿಗೆ ಸಾಲೇ ಬಲ್ಬು ಹಾಕೋ ಹಾಗೆ ಮಾಡಿ ಬಂದ ಮಹಾನುಭಾವ, ಈಗ ಒಂದು ಮಿಣುಕಿಗೆ ಒಂದು ಸ್ವಿಚ್ಚು,” ಎಂದು ಹೆಂಡತಿ ಅದಕ್ಕೆ ಬಟ್ಟೆ ಸುತ್ತಿದಳು.

ಜನ ಮಾತ್ರ ನಿಜಕ್ಕೂ ಮುಗಿಬಿದ್ದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅದರಿಂದ ಒಳಗೆ ಬಂದವರು ಎಡವಿ, ಒಬ್ಬರ ಕಾಲು ಒಬ್ಬರು ತುಳಿದು, “ಅಬ್ಬಾ, ಎಷ್ಟು ಸಹಜವಾಗಿದೆ!” ಎನ್ನುತ್ತಿದ್ದರು. ಕೂತ ಮೇಲೆ ಎಲ್ಲರ ಫೋನೂ ಮೇಲೆ. ಐನೂರು ಫೋನಿನ ಬೆಳಕಿಗೆ ಪಾಪ ಮೂರು ಸಾವಿರ ಮೇಣದಬತ್ತಿಗಳೂ ನಾಚಿಕೊಳ್ಳುವಂತಿತ್ತು. ನುಡಿಸುತ್ತಿದ್ದದ್ದು ಅದೇ ಹನ್ನೆರಡು ಸಿನಿಮಾ ಧಾಟಿಗಳು. ಗೊತ್ತಿರುವ ಧಾಟಿ ಬಂದರೆ ಚಪ್ಪಾಳೆ, ಗೊತ್ತಿಲ್ಲದ್ದು ಬಂದರೆ ಕೆಮ್ಮು.

ಒಂದು ಶನಿವಾರ, ಎರಡನೇ ಪಿಟೀಲು ನುಡಿಸುವ ಹೆಂಗಸು ಅವನ ಸ್ವಿಚ್ಚುಕೋಣೆಯ ಬಾಗಿಲಿಗೆ ಬಂದು ನಿಂತಳು. ನಲವತ್ತೈದು ದಾಟಿದವಳು. ಇಪ್ಪತ್ತು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿ, ಈಗ ಮಕ್ಕಳು ದೊಡ್ಡವರಾದ ಮೇಲೆ ತಂಡಕ್ಕೆ ಸೇರಿದ್ದಳು. ಲೈಟಣ್ಣ ಅವಳನ್ನು ಪಿಟೀಲಮ್ಮ ಎಂದು ಕರೆಯುತ್ತಿದ್ದ.

“ಅಣ್ಣಾ, ಒಂದೇ ಒಂದು ಬಲ್ಬು ಕೊಡ್ತೀರಾ?”

“ನಿಮಗ್ಯಾಕಮ್ಮಾ ಬಲ್ಬು?”

“ನನಗೆ ಹಾಳೆ ಕಾಣಲ್ಲ. ಉಳಿದ ಮೂವರಿಗೆ ಎಲ್ಲಾ ಬಾಯಿಪಾಠ. ನಾನು ಬಂದು ಒಂದು ತಿಂಗಳು. ಹಾಳೆ ಸ್ಟ್ಯಾಂಡಿಗೆ ಸಣ್ಣ ದೀಪ ಸಿಕ್ಕಿಸ್ಕೊಂಡಿದ್ದೆ, ಫೋಟೋ ಕೆಡುತ್ತೆ ಅಂತ ನಿರ್ದೇಶಕಿ ತೆಗೆಸಿದ್ರು.”

“ಮತ್ತೆ ಇಷ್ಟು ದಿನ ಹೇಗೆ ನುಡಿಸಿದ್ರಿ?”

ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. “ಗೊತ್ತಿರೋ ಕಡೆ ನುಡಿಸ್ತೀನಿ. ಗೊತ್ತಿಲ್ಲದ ಕಡೆ ಕಮಾನು ತಂತಿಗೆ ತಾಗದ ಹಾಗೆ ಮೇಲೇ ಆಡಿಸ್ತೀನಿ. ಮಕ್ಕಳು ಹೀಗೆ ಮಾಡಿದ್ರೆ ಕಿವಿ ಹಿಂಡ್ತಿದ್ದೆ ಅಣ್ಣಾ. ಈಗ ನಾನೇ ಮಾಡ್ತಿದೀನಿ. ಹೋದ ವಾರ ಒಬ್ಬರು ಬಂದು, ನಿಮ್ಮ ಕೈಚಲನೆ ಅದ್ಭುತ ಅಂದ್ರು.”

ಅವಳು ನಗುತ್ತಲೇ ಹೇಳಿದಳು. ಆದರೆ ಕಣ್ಣು ಒದ್ದೆಯಾಗಿದ್ದು ಲೈಟಣ್ಣನಿಗೆ ಕಂಡಿತು, ಏಕೆಂದರೆ ಸ್ವಿಚ್ಚುಕೋಣೆಯಲ್ಲಿ ಒಳ್ಳೆಯ ಬೆಳಕಿತ್ತು.

ಆ ಮಧ್ಯಾಹ್ನ ಅವನು ಊಟ ಬಿಟ್ಟು ಒಂದು ಪ್ಲಾಸ್ಟಿಕ್ ಮೇಣದಬತ್ತಿಯ ಹೊಟ್ಟೆ ಸೀಳಿದ. ಎಸಳು ಕಿತ್ತು, ಒಳಗೆ ಹೆಸರುಕಾಳಿನಷ್ಟು ಒಂದು ಬಲ್ಬು ಕೂರಿಸಿ, ಬೆಳಕು ಹಾಳೆಯತ್ತ ಮಾತ್ರ ಬೀಳುವಂತೆ ಒಂದು ಪಕ್ಕ ಗೀರಿ, ಎಸಳನ್ನು ಮತ್ತೆ ಅಂಟಿಸಿದ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ನಡುವೆ ಇನ್ನೊಬ್ಬ. ಮೂರು ವಾರ ಪಿಟೀಲಮ್ಮ ಹಾಳೆ ನೋಡಿ ನುಡಿಸಿದಳು. ಕಛೇರಿ ಮುಗಿದಾಗ ದೂರದಿಂದಲೇ ಅವನತ್ತ ತಲೆ ಬಾಗಿಸುತ್ತಿದ್ದಳು. ಇಪ್ಪತ್ತೇಳು ವರ್ಷದಲ್ಲಿ ತಾನು ಹಾಕಿದ ದೀಪಕ್ಕೆ ಯಾರಾದರೂ ನಮಸ್ಕಾರ ಹೇಳಿದ್ದು ಅವನಿಗೆ ನೆನಪಿರಲಿಲ್ಲ.

ನಗರಾಧ್ಯಕ್ಷರು ಸಕುಟುಂಬವಾಗಿ ಬರುವ ಭಾನುವಾರ ಎಲ್ಲ ಕೆಟ್ಟಿತು. ಬೆಳಿಗ್ಗೆಯೇ ಮೊದಲನೇ ಪಿಟೀಲಿನವನು ಜ್ವರ ಬಂದು ಹಾಸಿಗೆ ಹಿಡಿದ. ಅವನ ಜಾಗದಲ್ಲಿ ಪಿಟೀಲಮ್ಮನೇ ಕೂರಬೇಕೆಂದಾಯಿತು. ಮೂರಕ್ಕೆ ಇನ್ನು ಅರ್ಧ ಗಂಟೆ ಇರುವಾಗ, ಹಿಂದಿನ ದಿನದ ವೀಡಿಯೋ ಹಿಗ್ಗಿಸಿ ನೋಡುತ್ತಿದ್ದ ನಿರ್ದೇಶಕಿ ಹೌಹಾರಿದಳು.

“ಇದ್ಯಾವುದು? ಇದೊಂದು ಮೇಣದಬತ್ತಿ ಮಿಣುಕ್ತಾನೇ ಇಲ್ಲ! ನೆಟ್ಟಗೆ ಉರೀತಿದೆ!”

ಸುಳ್ಳು ದೀಪಗಳ ನಡುವೆ ನಿಜವಾದದ್ದು ಅಲುಗಾಡದೆ ಇದ್ದದ್ದೇ ಅದಕ್ಕೆ ಮುಳುವಾಯಿತು. ಅವಳು ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. “ಇವತ್ತು ಮಾತ್ರ ಬಿಡಿ ಮೇಡಂ, ಆಯಮ್ಮನಿಗೆ ಹಾಳೆ ಕಾಣಲ್ಲ,” ಎಂದು ಲೈಟಣ್ಣ ಬೇಡಿಕೊಂಡ.

“ಜನ ಇಲ್ಲಿ ಹಾಳೆ ನೋಡೋಕೆ ಬರಲ್ಲ ಅಣ್ಣಾ.”

ನಗರಾಧ್ಯಕ್ಷರ ಭಾಷಣ ಮೊದಲು. ಆಪ್ತಸಹಾಯಕ ಬರೆದುಕೊಟ್ಟ ಹಾಳೆಯನ್ನು ಅವರು ಕಣ್ಣಿನ ಹತ್ತಿರ ಒಯ್ದರು, ದೂರ ಹಿಡಿದರು, ಒಂದು ಮೇಣದಬತ್ತಿಯ ಪಕ್ಕಕ್ಕೆ ಬಾಗಿದರು. ಒಂದಕ್ಷರವೂ ಕಾಣಲಿಲ್ಲ. ಕೊನೆಗೆ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಿದ್ದ ಒಂದನ್ನು ಒಪ್ಪಿಸಿದರು. “ಇದು ಕೇವಲ ನಾಲ್ಕು ಕಿಲೋಮೀಟರ್ ಅಲ್ಲ, ಇದು ನಿಮ್ಮ ಕನಸು. ಇನ್ನು ಮುಂದೆ ಇಲ್ಲಿ ಗುಂಡಿಗಳಿರುವುದಿಲ್ಲ!” ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ತಮ್ಮ ಪಕ್ಕದವರಿಗೆ ಅರ್ಥವಾಗಿರಬೇಕು ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು.

ಲೈಟಣ್ಣ ನಾಲ್ಕನೇ ಕಿಟಕಿಯ ಬಳಿ, ಪರದೆಯ ಹಗ್ಗ ಕಟ್ಟಿದ ಮೊಳೆಯ ಪಕ್ಕ ನಿಂತಿದ್ದ. ತನ್ನ ಪರದೆ ಹೇಗೆ ಕಾಣುತ್ತದೆ ನೋಡೋಣವೆಂದು ಹೆಂಡತಿಯೂ ಬಂದು ಕಂಬದ ಮಗ್ಗುಲಲ್ಲಿ ಕೂತಿದ್ದಳು. ಮೊದಲೆರಡು ಧಾಟಿ ಹೇಗೋ ದಾಟಿದವು. ಮೂರನೆಯದು ಹೊಸದು, ಪಿಟೀಲು ಒಂದೇ ಶುರು ಮಾಡಬೇಕು.

ಪಿಟೀಲಮ್ಮ ಕಮಾನು ಎತ್ತಿದಳು. ಹಾಳೆಯತ್ತ ಬಗ್ಗಿದಳು. ಕಮಾನು ಗಾಳಿಯಲ್ಲೇ ನಿಂತಿತು.

ಐದು ಕ್ಷಣ ಕಳೆಯಿತು. ಹತ್ತು ಕ್ಷಣವಾಯಿತು. ಐನೂರು ಫೋನುಗಳು ಆ ಎತ್ತಿದ ಕಮಾನನ್ನೇ ಹಿಡಿಯುತ್ತಿದ್ದವು. “ಎಂಥಾ ಮೌನ! ಮೈ ಜುಂ ಅಂತಿದೆ,” ಎಂದರು ಮುಂದಿನ ಸಾಲಿನ ಒಬ್ಬರು. ಇನ್ನೊಬ್ಬರು ಕಣ್ಣು ಮುಚ್ಚಿ ಆ ಮೌನಕ್ಕೆ ತಲೆದೂಗತೊಡಗಿದರು.

“ರೀ, ಇವರು ನುಡಿಸಲ್ವಾ?” ಎಂದು ಹೆಂಡತಿ ಪಿಸುಗುಟ್ಟಿದಳು.

“ಕಾಣ್ತಿಲ್ಲ ಕಣೇ ಅವಳಿಗೆ.”

“ಅಯ್ಯೋ, ಹೆಣ್ಣುಮಗಳ ಕೈ ನಡುಗ್ತಿದೆ ನೋಡಿ.”

ಲೈಟಣ್ಣನಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಸಾಹೇಬರ ಮಾತಿಗೆ ಎಂದೂ ಎದುರಾಡಿದವನಲ್ಲ. ಬೈದರೆ ಏಣಿ ಹತ್ತಿ ಮೇಲೆ ಹೋಗಿಬಿಡುವುದು ಅವನ ಕ್ರಮ. ಆದರೆ ಆ ನಡುಗುವ ಕೈ ನೋಡುತ್ತ ನಿಲ್ಲುವುದು ಅವನಿಂದಾಗಲಿಲ್ಲ. ಹಗ್ಗದ ಗಂಟಿಗೆ ಕೈ ಹಾಕಿದ. ಊದಿದ ಹೆಬ್ಬೆರಳಿಗೆ ಗಂಟು ಬಿಚ್ಚಲಾಗಲಿಲ್ಲ. ಎರಡೂ ಕೈಯಲ್ಲಿ ಪರದೆಯನ್ನೇ ಹಿಡಿದು, ಇದ್ದಬದ್ದ ಬಲ ಹಾಕಿ ಜಗ್ಗಿದ.

ಪರ್ರ್ ಎಂದು ಇಪ್ಪತ್ತಡಿಯ ಕಪ್ಪು ಬಟ್ಟೆ ಕಳಚಿ ದೊಪ್ಪನೆ ಬಿತ್ತು. ಅದರ ಗಾಳಿಗೆ ಮುಂದಿನ ಸಾಲಿನವರ ಕೂದಲೂ, ವೇದಿಕೆಯ ಹಾಳೆಗಳೂ ಪಟಪಟ ಹಾರಿದವು. ಹಿಂದೆಯೇ ಬಿಸಿಲು ನುಗ್ಗಿತು.

ಆಗ ಎಲ್ಲವೂ ಕಂಡಿತು. ಮೂರು ಸಾವಿರ ಮೇಣದಬತ್ತಿಗಳು ತೊಳೆದು ಮಗುಚಿಟ್ಟ ಪ್ಲಾಸ್ಟಿಕ್ ಲೋಟಗಳಂತೆ ಕಂಡವು. ಸ್ಪೀಕರಿನ ವೈರು ಕಂಡಿತು, ಕುರ್ಚಿಗಳ ಕೆಳಗಿನ ಕಡಲೆಕಾಯಿ ಸಿಪ್ಪೆ ಕಂಡಿತು. ಮೊದಲ ಸಾಲಿನ ನಟ್ಟನಡುವೆ ಬಾಯಿ ತೆರೆದು ನಿದ್ದೆಹೋಗಿದ್ದ ನಗರಾಧ್ಯಕ್ಷರೂ ಕಂಡರು. ಅವರ ಹೆಂಡತಿ ಮೊಣಕೈಯಲ್ಲಿ ತಿವಿದಳು. ಅವರು ಎದ್ದವರೇ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

ಪಿಟೀಲಮ್ಮ ಒಮ್ಮೆ ಕಿಟಕಿಯತ್ತ ನೋಡಿದಳು. ಆಮೇಲೆ ಮುಂದಿದ್ದ ಹಾಳೆ ನೋಡಿದಳು. ನುಡಿಸತೊಡಗಿದಳು.

ಜೊತೆಗಿದ್ದ ಇಬ್ಬರೂ ಬೆಚ್ಚಿ ಮುಖ ಮುಖ ನೋಡಿಕೊಂಡು, ತಮ್ಮ ಹಾಳೆಗಳನ್ನು ಸರಸರ ಮಗುಚಿ, ಸಿಗದೆ, ಒಂದು ಸುತ್ತು ಕೇಳಿಸಿಕೊಂಡ ಮೇಲೆ ಸೇರಿಕೊಂಡರು. ಬಿಸಿಲಿಗೆ ಫೋನಿನ ಪರದೆಯಲ್ಲಿ ಏನೂ ಕಾಣದೆ ಜನ ಒಬ್ಬೊಬ್ಬರಾಗಿ ಫೋನು ಇಳಿಸಿದರು. ಮಾಡಲು ಬೇರೇನೂ ಉಳಿಯದ್ದರಿಂದ ಕೇಳತೊಡಗಿದರು. ಲೈಟಣ್ಣನೂ ಕೇಳಿದ. ನಲವತ್ತು ಪ್ರದರ್ಶನಗಳಲ್ಲಿ ಅವನ ಲಕ್ಷ್ಯವೆಲ್ಲ ಯಾವ ಮೇಣದಬತ್ತಿ ಆರಿತು ಎಂಬುದರ ಮೇಲೇ ಇತ್ತು. ಇವತ್ತು ಆರಿದ್ದೂ ಉರಿದದ್ದೂ ಒಂದೇ. ಪಿಟೀಲು ಯಾರನ್ನೋ ಹೆಸರು ಹಿಡಿದು ಕರೆದಂತೆ, ಕರೆದವರು ಬಾರದೇ ಹೋದಂತೆ, ಆದರೂ ಕರೆಯುವುದನ್ನು ಬಿಡದಂತೆ ಅವನಿಗೆ ಕೇಳಿಸಿತು. ಕಾಲ ಬಳಿ ಬಿದ್ದ ಪರದೆಯನ್ನು ಸುಮ್ಮನೆ ಮಡಿಸುತ್ತ ನಿಂತ.

ಮುಗಿದ ಮೇಲೆ ಸಾಹೇಬರು ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಿಬಂದರು. “ಯಾರು? ಯಾರ ಕೆಲಸ ಇದು?”

“ನಾನೇ ಸಾರ್. ಎಳೆದೆ.”

“ಜಾರಿ ಬಿತ್ತು ಅನ್ನಯ್ಯಾ ಮಾರಾಯ! ಬರೆಯೋಕೆ ನನಗೂ ಸುಲಭ.”

“ಜಾರಲಿಲ್ಲ ಸಾರ್. ಎಳೆದೆ.”

ಸಾಹೇಬರು ತಲೆ ಚಚ್ಚಿಕೊಂಡು ಹೋದರು. ಹೆಂಡತಿ ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. “ನೋಡಿ, ಹರಿದಿರೋದು ಬಟ್ಟೆ. ನನ್ನ ಹೊಲಿಗೆ ಹಾಗೇ ಇದೆ. ವಿಚಾರಣೇಲಿ ಅದನ್ನೂ ಹೇಳಿ,” ಎಂದಳು.

ವಿಚಾರಣೆ ಎಂಬುದು ನಡೆಯಲೇ ಇಲ್ಲ. ಎರಡು ದಿನಕ್ಕೆ ಪತ್ರಿಕೆಯಲ್ಲಿ ಬಂತು, ‘ಕತ್ತಲೆಯಿಂದ ಬೆಳಕಿಗೆ: ಸಭಿಕರ ಮನಸೂರೆಗೊಂಡ ರೋಚಕ ತಿರುವು’. ಕಾರ್ಯಕ್ರಮ ಪಟ್ಟಿಯಲ್ಲಿದ್ದ ಮೂರನೇ ಧಾಟಿಯ ಹೆಸರು ಹಿಡಿದು ಅದರ ಸೊಗಸನ್ನು ಅರ್ಧ ಪುಟ ಬಣ್ಣಿಸಿದ್ದರು. ಪರದೆ ಬೀಳಿಸುವ ಕಲ್ಪನೆ ತಮ್ಮದೇ ಎಂದು ನಗರಾಧ್ಯಕ್ಷರು ವಿನಯದಿಂದ ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ನಗರಸಭೆಯ ಯಂತ್ರ ತಿರುಗತೊಡಗಿತ್ತು. ಅದನ್ನು ನಿಲ್ಲಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಹಾಗಾಗಿ ಲೈಟಣ್ಣನಿಗೆ ಒಂದೇ ಲಕೋಟೆಯಲ್ಲಿ ಎರಡು ಪತ್ರ ಬಂದವು. ಸಾರ್ವಜನಿಕ ಸ್ವತ್ತನ್ನು ಹರಿದದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕೆಂದು ಒಂದು, ಅದೇ ಸ್ವತ್ತನ್ನು ಸಕಾಲದಲ್ಲಿ ಹರಿದದ್ದಕ್ಕೆ ಪ್ರಶಂಸೆ ಎಂದು ಇನ್ನೊಂದು. ಎರಡರಲ್ಲೂ ಒಬ್ಬರದೇ ಸಹಿ. ಎರಡಕ್ಕೂ ಅವನು ‘ತಲುಪಿದೆ’ ಎಂದು ಬರೆದುಕೊಟ್ಟ.

ಮುಂದಿನ ತಿಂಗಳು ನಿರ್ದೇಶಕಿ ಮತ್ತೆ ಬಂದಳು, ಕೈಯಲ್ಲಿ ಹೊಸ ಭಿತ್ತಿಪತ್ರ, ‘ಬಿಸಿಲು ಕಛೇರಿ’. ಮೇಣದಬತ್ತಿಗಳೆಲ್ಲ ಪೆಟ್ಟಿಗೆ ಸೇರಿ ಬೇರೆ ಊರಿಗೆ ಹೊರಟವು. ಬೆಣ್ಣೆಯ ದನಿಯವನು ಈಗ ನಗರದ ಗಣ್ಯರನ್ನು ಇಳಿಬಿಸಿಲಿನ ಹೊಂಬೆಳಕಿನಲ್ಲಿ ಕೂರಿಸಿದ್ದ.

“ಮೂರು ಗಂಟೇದು ಸರಿ ಮೇಡಂ,” ಎಂದ ಲೈಟಣ್ಣ. “ಏಳು ಗಂಟೆಗೆ ಬಿಸಿಲು ಎಲ್ಲಿಂದ ತರ್ತೀರಿ?”

“ಅದಕ್ಕೇ ಅಲ್ವಾ ಅಣ್ಣಾ ನೀವಿರೋದು!”

ಹೀಗೆ ಹನ್ನೊಂದು ಕಿಟಕಿಗಳ ಹೊರಗೆ ಆಟದ ಮೈದಾನಕ್ಕೆ ಹಾಕುವಂಥ ಹನ್ನೊಂದು ದೊಡ್ಡ ದೀಪಗಳು ಬಂದವು. ಅವನು ಹಳದಿ ಗಾಜು ಹೊಂದಿಸಿ, ಓರೆಯಾಗಿ ಕೂರಿಸಿ, ಸಂಜೆ ಏಳಕ್ಕೆ ಮಧ್ಯಾಹ್ನ ಮೂರನ್ನು ತಂದುಕೊಟ್ಟ. ಪಾರಿವಾಳಗಳು ಗೂಡಿನಿಂದ ಎದ್ದು ಗೊಂದಲದಲ್ಲಿ ಸುತ್ತಿದವು. ಜ್ವರ ಬಿಟ್ಟು ಬಂದ ಮೊದಲನೇ ಪಿಟೀಲಿನವನು ಕಪ್ಪು ಕನ್ನಡಕ ಹಾಕಿಕೊಂಡು ನುಡಿಸಿದ. ಜನ “ಅಬ್ಬಾ, ಎಷ್ಟು ಸಹಜವಾಗಿದೆ!” ಎಂದರು. ಲೈಟಣ್ಣ ವಾದಿಸಲು ಹೋಗಲಿಲ್ಲ. ಬೆಳಕೆಂದರೆ ಬೆಳಕು, ಅದೂ ಒಂದೇ ಸ್ವಿಚ್ಚಿನದು. ಹೆಬ್ಬೆರಳು ತನ್ನ ಬಣ್ಣಕ್ಕೆ ಮರಳುತ್ತಿತ್ತು.

ಒಂದು ಶನಿವಾರ, ಐದರ ಪ್ರದರ್ಶನ ಮುಗಿದು ಬಿಡುವಾಗಿದ್ದಾಗ, ಪಿಟೀಲಮ್ಮ ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಲೈಟಣ್ಣ ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ.

“ಅಮ್ಮಾ, ಆವತ್ತು ನುಡಿಸಿದ್ರಲ್ಲ, ಅದನ್ನ ಆಮೇಲೆ ಒಂದು ದಿನಾನೂ ನುಡಿಸಲಿಲ್ಲ ನೀವು. ಪೇಪರಲ್ಲಿ ಬರೆದಿರೋ ಧಾಟಿ ವಾರ ವಾರ ಕೇಳ್ತೀನಿ, ಅದು ಇದಲ್ಲ.”

ಅವಳು ಚಹಾ ತುಳುಕುವಷ್ಟು ನಕ್ಕಳು. “ನಿಮಗೊಬ್ಬರಿಗೇ ಗೊತ್ತಾಯ್ತು ನೋಡಿ! ಪರದೆ ಬಿದ್ದ ಗಾಳಿಗೆ ನನ್ನ ಹಾಳೆ ಹಾರಿಹೋಗಿ, ಅದರಡಿ ಇಟ್ಟಿದ್ದ ನನ್ನ ಹಳೇ ಪಾಠದ ಪುಸ್ತಕದ ಯಾವುದೋ ಪುಟ ತೆರ್ಕೊಂಡಿತ್ತು ಅಣ್ಣಾ. ಹುಡುಕ್ತಾ ಕೂತ್ರೆ ಮತ್ತೆ ಕೈ ನಡುಗುತ್ತೆ ಅಂತ, ಕಂಡಿದ್ದನ್ನ ನುಡಿಸಿಬಿಟ್ಟೆ. ನಾನು ಕಲಿಯೋಕೆ ಶುರು ಮಾಡಿದಾಗ ಅಪ್ಪ ಹೇಳಿಕೊಟ್ಟಿದ್ದು ಅದು.”

“ಚೆನ್ನಾಗಿತ್ತಮ್ಮಾ.”

“ಹೌದಾ?”

“ನನಗೆ ಸಂಗೀತ ಗೊತ್ತಿಲ್ಲ. ಆದ್ರೆ ಚೆನ್ನಾಗಿತ್ತು.”

ಅವಳು ಲೋಟದಲ್ಲಿ ಉಳಿದ ಚಹಾ ಮುಗಿಸಿದಳು. “ಸೋಮವಾರ ರಜಾ ಅಲ್ವಾ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೀತೀರಾ? ಅದನ್ನ ಸರಿಯಾಗಿ ಒಂದ್ಸಲ ನುಡಿಸಬೇಕು ನಾನು. ಪರದೆ ಹೊಲಿದ ಅಕ್ಕನ್ನೂ ಕರ್ಕೊಂಡು ಬನ್ನಿ.”

“ಬರ್ತೀವಮ್ಮಾ,” ಎಂದು ಅವನು ಏಣಿ ಹೆಗಲಿಗೇರಿಸಿಕೊಂಡ. ಮೂರನೇ ಕಿಟಕಿಯ ಸೂರ್ಯನ ಫ್ಯೂಸು ಹೋಗಿತ್ತು. ಏಳರೊಳಗೆ ಬದಲಿಸಬೇಕಿತ್ತು.